ಹಕ್ಕಿಗಳ ಗೆಳೆಯ ಸಲೀಮ್ ಅಲಿ

(ಏರ್‌ಗನ್ ಹಿಡಿದು ಗುಬ್ಬಿಗಳನ್ನು ಹೊಡೆಯುತ್ತಿದ್ದ ಹುಡುಗನೊಬ್ಬ ಮುಂದೆ ಜಗತ್ತೇ ಗೌರವಿಸುವ ಪಕ್ಷಿತಜ್ಞನಾದನು. ಅವರ ಜೀವನದ ಕಥೆ ಈ ಪಾಠದಲ್ಲಿದೆ. ನಮ್ಮ ಸೊಲ್ಲಾಪುರದ ಮಾಳಢೋಕ್ ಹಕ್ಕಿಗೂ ಈ ಕಥೆಗೂ ನಂಟು ಇದೆ.)

ಸೊಲ್ಲಾಪುರದಿಂದ ಬಾರ್ಶಿಗೆ ಹೋಗುವ ದಾರಿಯಲ್ಲಿ ನಾನ್ನಜ ಎಂಬ ಊರಿದೆ. ಊರಿನ ಸುತ್ತ ಹುಲ್ಲಿನ ಬಯಲು ಹರಡಿದೆ. ಅಲ್ಲಿ ದಟ್ಟವಾದ ಕಾಡಿಲ್ಲ. ಹೊಸಬರು ನೋಡಿದರೆ ಇದು ಉಪಯೋಗವಿಲ್ಲದ ಬೀಳುಭೂಮಿ ಎಂದುಕೊಳ್ಳುತ್ತಾರೆ. ಆದರೆ ಆ ಬಯಲು ಬರಿದಲ್ಲ. ಅಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಮೇಯುತ್ತವೆ. ತೋಳಗಳು ತಿರುಗಾಡುತ್ತವೆ. ಮಾಳಢೋಕ್ ಎಂಬ ದೊಡ್ಡ ಹಕ್ಕಿಯ ಮನೆಯೂ ಅದೇ ಬಯಲು.

ಮಾಳಢೋಕ್ ಹಕ್ಕಿಗೆ ಕನ್ನಡದಲ್ಲಿ ಎರ್ಲಡ್ಡು, ಎರೆಭೂತ ಎಂಬ ಹೆಸರುಗಳಿವೆ. ಅದು ಸುಮಾರು ಒಂದು ಮೀಟರು ಎತ್ತರ ಇರುತ್ತದೆ. ಗಂಡು ಹಕ್ಕಿ 15 ಕಿಲೋಗ್ರಾಂವರೆಗೆ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲಿ ಕೆಲವೇ ಇವೆ. ಅದು ಮಿಡತೆ, ಜೀರುಂಡೆ, ಕಾಳು, ಹಣ್ಣುಗಳನ್ನು ತಿನ್ನುತ್ತದೆ. ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನು ಇಡುತ್ತದೆ.

ಈ ಹಕ್ಕಿ ನಮ್ಮ ದೇಶದ ರಾಷ್ಟ್ರಪಕ್ಷಿ ಆಗಬೇಕು ಎಂದು ಒಬ್ಬರು ಬಯಸಿದ್ದರು. ಅವರೇ ಡಾ. ಸಲೀಮ್ ಅಲಿ.

ತಬ್ಬಲಿ ಬಾಲಕ

ಸಲೀಮ್ ಅಲಿ 1896ನೆಯ ಇಸವಿಯ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ತಂದೆಯ ಹೆಸರು ಮೊಯಿಜುದ್ದೀನ್, ತಾಯಿಯ ಹೆಸರು ಜೀನತ್-ಉನ್-ನಿಸಾ. ಅವರ ಮಕ್ಕಳಲ್ಲಿ ಸಲೀಮ್ ಎಲ್ಲರಿಗಿಂತ ಚಿಕ್ಕವನು. ಅವನಿಗೆ ಒಂದು ವರ್ಷವಾದಾಗ ತಂದೆ ತೀರಿಕೊಂಡರು. ಮೂರು ವರ್ಷವಾದಾಗ ತಾಯಿಯೂ ತೀರಿಕೊಂಡರು. ತಬ್ಬಲಿಯಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಅವರು ತಮ್ಮ ಮನೆಗೆ ಕರೆತಂದರು. ಮಾವ ಮತ್ತು ಅತ್ತೆ ಹಮೀದಾ ಬೇಗಂ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮುಂಬಯಿಯ ಖೇತವಾಡಿಯ ಆ ಮನೆಯಲ್ಲಿ ಸಲೀಮ್ ಪ್ರೀತಿಯಿಂದ ಬೆಳೆದನು.

ಅಮೀರುದ್ದೀನ್ ಮಾವನಿಗೆ ಬೇಟೆಯ ಹವ್ಯಾಸ. ಅವರು ಸಲೀಮ್‌ನಿಗೆ ಒಂದು ಏರ್‌ಗನ್ ಕೊಟ್ಟರು. ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಚಿಕ್ಕ ಬಂದೂಕು ಅದು. ಹುಡುಗನಿಗೆ ಹಿಗ್ಗೋ ಹಿಗ್ಗು. ಮನೆಯ ಸುತ್ತ ಗುಬ್ಬಿಗಳನ್ನು ಹೊಡೆಯುವುದೇ ಅವನ ಆಟವಾಯಿತು. ಮುಂದೆ ದೊಡ್ಡ ಬೇಟೆಗಾರನಾಗಬೇಕು ಎಂಬ ಆಸೆ ಅವನಿಗಿತ್ತು.

ಮನೆಯ ಕುದುರೆ ಲಾಯದ ಗೋಡೆಯಲ್ಲಿ ಒಂದು ಗುಬ್ಬಿಯ ಗೂಡಿತ್ತು. ಒಳಗೆ ಹೆಣ್ಣು ಗುಬ್ಬಿ ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು. ಹೊರಗೆ ಗಂಡು ಗುಬ್ಬಿ ಕಾವಲು ಕೂತಿತ್ತು. ಸಲೀಮ್ ಆ ಗಂಡನ್ನು ಹೊಡೆದನು. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಗುಬ್ಬಿ ಬಂದು ಅದೇ ಜಾಗದಲ್ಲಿ ಕುಳಿತಿತು. ಅದನ್ನೂ ಹೊಡೆದನು. ಮತ್ತೊಂದು ಬಂದಿತು. ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಿಗಳು ಸತ್ತವು. ಸಲೀಮ್‌ಗೆ ಅಚ್ಚರಿಯಾಯಿತು. ಅವನು ಈ ಸಂಗತಿಯನ್ನು ತನ್ನ ವಹಿಯಲ್ಲಿ ಬರೆದಿಟ್ಟನು. ಆ ಗುಬ್ಬಿಗಳನ್ನು ಕೊಂದದ್ದು ಒಳ್ಳೆಯ ಕೆಲಸವಲ್ಲ. ಆದರೆ ಕಂಡದ್ದನ್ನು ಬರೆದಿಡುವ ಒಳ್ಳೆಯ ಅಭ್ಯಾಸ ಅಂದೇ ಮೊದಲಾಯಿತು.

ಹಳದಿ ಕೊರಳಿನ ಗುಬ್ಬಿ

ಸಲೀಮ್‌ಗೆ ಸುಮಾರು ಹತ್ತು ವರ್ಷವಾಗಿತ್ತು. ಒಂದು ದಿನ ಅವನ ಗುಂಡಿಗೆ ಒಂದು ಗುಬ್ಬಿ ಬಿದ್ದಿತು. ಎತ್ತಿ ನೋಡಿದರೆ ಅದರ ಕೊರಳಲ್ಲಿ ಹಳದಿ ಮಚ್ಚೆ ಇತ್ತು. ಇಂತಹ ಗುಬ್ಬಿಯನ್ನು ಅವನು ಹಿಂದೆ ನೋಡಿರಲಿಲ್ಲ. ಓಡಿ ಹೋಗಿ ಮಾವನಿಗೆ ತೋರಿಸಿದನು. ಅದು ಯಾವ ಹಕ್ಕಿ ಎಂದು ಮಾವನಿಗೂ ತಿಳಿಯಲಿಲ್ಲ. ಅವರು ಒಂದು ಪತ್ರ ಬರೆದುಕೊಟ್ಟು, ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಗೆ ಕಳುಹಿಸಿದರು. ಪ್ರಾಣಿ, ಪಕ್ಷಿ, ಗಿಡಮರಗಳ ಅಭ್ಯಾಸಕ್ಕಾಗಿ 1883ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ಮುಂಬಯಿಯಲ್ಲಿ ಇಂದಿಗೂ ಇದೆ.

ಆಗ ಡಬ್ಲ್ಯು. ಎಸ್. ಮಿಲ್ಲಾರ್ಡ್ ಎಂಬ ಇಂಗ್ಲಿಷ್ ಗೃಹಸ್ಥರು ಆ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಸತ್ತ ಗುಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಸಲೀಮ್ ಹೆದರುತ್ತಲೇ ಒಳಗೆ ಹೋದನು. ಮಿಲ್ಲಾರ್ಡ್ ಸಾಹೇಬರು ಗದರಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿದರು. ಕಪಾಟಿನ ಖಾನೆಗಳನ್ನು ಎಳೆದು, ಹದ ಮಾಡಿ ಇಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ನಮ್ಮ ದೇಶದಲ್ಲಿ ಇಷ್ಟೊಂದು ಬಗೆಯ ಹಕ್ಕಿಗಳಿವೆಯೇ ಎಂದು ಸಲೀಮ್ ಬೆರಗಾದನು.

ಅಂದಿನಿಂದ ಅವನ ಮನಸ್ಸು ಬದಲಾಗತೊಡಗಿತು. ಮೊದಲು ಹಕ್ಕಿ ಕಂಡರೆ ಗುರಿ ಇಡುತ್ತಿದ್ದನು. ಈಗ ಹಕ್ಕಿ ಕಂಡರೆ, ಇದು ಯಾವುದು, ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ ಎಂದು ಯೋಚಿಸತೊಡಗಿದನು. ಒಂದು ಗುಬ್ಬಿ ಅವನ ಬದುಕಿನ ದಾರಿಯನ್ನೇ ತಿರುಗಿಸಿತು. ಮುಂದೆ 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯ ಹೆಸರಿನಲ್ಲಿಯೂ ಅವರು ಆ ಗುಬ್ಬಿಯನ್ನು ನೆನೆದರು.

ಬೇಟೆಯ ಕಾಲ

ಅದು ಬೇಟೆಯ ಕಾಲ. ರಾಜರು, ಇಂಗ್ಲಿಷ್ ಅಧಿಕಾರಿಗಳು ಬೇಟೆಯನ್ನು ದೊಡ್ಡ ಗೌರವವೆಂದು ತಿಳಿದಿದ್ದರು. ಅತಿಥಿಗಳು ಬಂದರೆ ಅವರಿಗಾಗಿ ಬೇಟೆಯನ್ನು ಏರ್ಪಡಿಸುತ್ತಿದ್ದರು. ಕಾಡನ್ನು ಬಲ್ಲ ಸ್ಥಳೀಯರು ಮುಂದೆ ನಡೆದು ದಾರಿ ತೋರಿಸುತ್ತಿದ್ದರು. ಹಳ್ಳಿಯ ಜನ ಹಲಗೆ ಬಾರಿಸುತ್ತ, ಕೂಗುತ್ತ ಪ್ರಾಣಿಗಳನ್ನು ಓಡಿಸಿಕೊಂಡು ಬರುತ್ತಿದ್ದರು. ಅತಿಥಿ ಮಂಚಿಕೆಯ ಮೇಲೆ ಕುಳಿತು ಗುಂಡು ಹಾರಿಸುತ್ತಿದ್ದನು. ಸತ್ತ ಹುಲಿ, ಚಿರತೆಗಳ ತಲೆಯನ್ನು ಹದ ಮಾಡಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಇಂತಹ ತಲೆ, ಚರ್ಮಗಳನ್ನು ಹದ ಮಾಡುವ ವ್ಯಾನ್ ಇಂಗೆನ್ ಎಂಬ ಹೆಸರಾಂತ ಕಾರ್ಖಾನೆ ಮೈಸೂರಿನಲ್ಲಿತ್ತು.

ಹಕ್ಕಿಗಳ ಪಾಡೂ ಅಷ್ಟೇ. ರಾಜಸ್ಥಾನದ ಭರತಪುರದಲ್ಲಿ ಒಂದು ದೊಡ್ಡ ಜವುಗು ಪ್ರದೇಶವಿದೆ. ಚಳಿಗಾಲದಲ್ಲಿ ದೂರ ದೇಶಗಳಿಂದ ಬಾತುಕೋಳಿಗಳು ಅಲ್ಲಿಗೆ ಬರುತ್ತವೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರಿಗಾಗಿ ಅಲ್ಲಿ ಬೇಟೆ ನಡೆಯಿತು. ಒಂದೇ ದಿನದಲ್ಲಿ 4,273 ಹಕ್ಕಿಗಳು ಸತ್ತವು. ಈ ಲೆಕ್ಕವನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಸಲೀಮ್ ಅಲಿ ಅವರಿಗೆ ಅಂದು 42 ವರ್ಷ ತುಂಬಿತ್ತು.

ಮಾಳಢೋಕ್ ಹಕ್ಕಿಯನ್ನೂ ಬೇಟೆಗಾರರು ಬಿಡಲಿಲ್ಲ. ನಮ್ಮ ನೆರೆಯ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ ಜಿಲ್ಲೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಬೇಟೆಗಾರನಿದ್ದನು. ಅವನೊಬ್ಬನೇ 1809ರಿಂದ 1829ರವರೆಗೆ 961 ಮಾಳಢೋಕ್‌ಗಳನ್ನು ಹೊಡೆದನೆಂದು ದಾಖಲೆ ಇದೆ. ಒಂದೇ ಮೊಟ್ಟೆ ಇಡುವ ಹಕ್ಕಿಗೆ ಇದು ಎಷ್ಟು ದೊಡ್ಡ ನಷ್ಟ!

ಪದವಿ ಇಲ್ಲದ ಪಂಡಿತ

ಸಲೀಮ್ ಓದಿನಲ್ಲಿ ಬಹಳ ಮುಂದಿರಲಿಲ್ಲ. ಮೆಟ್ರಿಕ್ ಮುಗಿಸಿದ ಮೇಲೆ, ಬರ್ಮಾ ದೇಶದಲ್ಲಿದ್ದ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದರು. ವ್ಯಾಪಾರಕ್ಕಿಂತ ಅಲ್ಲಿನ ಕಾಡು, ಹಕ್ಕಿಗಳ ಮೇಲೆಯೇ ಅವರ ಮನಸ್ಸು. ಮುಂಬಯಿಗೆ ಮರಳಿ ಪ್ರಾಣಿಶಾಸ್ತ್ರ ಕಲಿತರು. 1918ರಲ್ಲಿ ತೆಹ್ಮಿನಾ ಅವರೊಡನೆ ಮದುವೆಯಾಯಿತು.

ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಪಕ್ಷಿತಜ್ಞರ ಸರಕಾರಿ ನೌಕರಿ ಅವರಿಗೆ ಸಿಗಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಇಂದು ಅದಕ್ಕೆ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ ಎಂಬ ಹೆಸರಿದೆ. ನೋಡಲು ಬಂದವರಿಗೆ ಪ್ರಾಣಿ ಪಕ್ಷಿಗಳ ವಿಷಯ ವಿವರಿಸುವುದು ಅವರ ಕೆಲಸ. 1928ರಲ್ಲಿ ಅವರು ಹೆಚ್ಚಿನ ಅಭ್ಯಾಸಕ್ಕಾಗಿ ಜರ್ಮನಿಗೆ ಹೋದರು. ಬರ್ಲಿನ್ ನಗರದಲ್ಲಿ ಸ್ಟ್ರೆಸೆಮಾನ್ ಎಂಬ ಪಕ್ಷಿತಜ್ಞರು ಅವರಿಗೆ ಗುರುಗಳಾದರು.

1930ರಲ್ಲಿ ಮರಳಿ ಬಂದಾಗ ಅವರ ನೌಕರಿಯೇ ಇರಲಿಲ್ಲ. ಹಣದ ಕೊರತೆಯಿಂದ ಆ ಹುದ್ದೆಯನ್ನು ತೆಗೆದುಹಾಕಿದ್ದರು. ಸಲೀಮ್ ಮತ್ತು ತೆಹ್ಮಿನಾ ಅಲಿಬಾಗದ ಹತ್ತಿರದ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗ ಹಕ್ಕಿಗಳು ಗೂಡು ಕಟ್ಟಿದ್ದವು. ಸಲೀಮ್ ಅಲಿ ತಿಂಗಳುಗಟ್ಟಲೆ ಕುಳಿತು ಅವುಗಳನ್ನು ನೋಡಿದರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆಯುತ್ತದೆ. ಹೆಣ್ಣು ಬಂದು ಗೂಡನ್ನು ಪರೀಕ್ಷಿಸುತ್ತದೆ. ಅದಕ್ಕೆ ಒಪ್ಪಿಗೆಯಾದರೆ ಗಂಡು ಗೂಡನ್ನು ಪೂರ್ತಿ ಮಾಡುತ್ತದೆ. ಅನಂತರ ಇನ್ನೊಂದು ಹೆಣ್ಣಿಗಾಗಿ ಮತ್ತೊಂದು ಗೂಡನ್ನು ಆರಂಭಿಸುತ್ತದೆ. ಇದನ್ನು ಸಲೀಮ್ ಅಲಿ ಲೋಕಕ್ಕೆ ತಿಳಿಸಿದರು. ನೌಕರಿ ಹೋದ ದಿನಗಳೇ ಅವರಿಗೆ ಹೆಸರು ತಂದವು.

ಸಂಸ್ಥಾನಗಳಲ್ಲಿ ಸಂಚಾರ

ಸಲೀಮ್ ಅಲಿ ಸಂಸ್ಥಾನಗಳ ರಾಜರಿಗೆ ಒಂದು ವಿಚಾರ ತಿಳಿಸಿದರು. ಅವರಿಗೆ ಸಂಬಳ ಬೇಡ. ಪ್ರವಾಸ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು, ಆ ಸಂಸ್ಥಾನದ ಹಕ್ಕಿಗಳನ್ನೆಲ್ಲ ಅವರು ಪಟ್ಟಿ ಮಾಡಿಕೊಡುವರು. ಹೀಗೆ ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಇಂದೂರು, ಮೈಸೂರು ಮುಂತಾದ ಸಂಸ್ಥಾನಗಳಲ್ಲಿ ಅವರು ತಿರುಗಾಡಿದರು. ಆಗ ನಮ್ಮ ನೆರೆಯ ಕಲಬುರಗಿ ಮತ್ತು ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು.

ಕಾಡಿನಲ್ಲಿ ಡೇರೆ, ಚಕ್ಕಡಿಯಲ್ಲಿ ಪ್ರಯಾಣ, ಬಿಸಿಲು, ಮಳೆ, ಸೊಳ್ಳೆಗಳ ಕಾಟ. ಆದರೂ ತೆಹ್ಮಿನಾ ಬೇಸರಪಡದೆ ಜೊತೆಗಿದ್ದರು. 1939ರಲ್ಲಿ ಅವರು ತೀರಿಕೊಂಡರು. ಸಲೀಮ್ ಅಲಿ ಅವರಿಗೆ ಬಹಳ ದುಃಖವಾಯಿತು. ಆ ದುಃಖದಲ್ಲಿಯೂ ಅವರು ಕೆಲಸ ಬಿಡಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯ ನಡುವೆ ಸಣ್ಣ ಸಣ್ಣ ದ್ವೀಪಗಳಿವೆ. ಆ ದ್ವೀಪಗಳ ಮರಗಳಲ್ಲಿ ಬೆಳ್ಳಕ್ಕಿ, ಕೊಕ್ಕರೆಗಳು ಗೂಡು ಕಟ್ಟುವುದನ್ನು ಸಲೀಮ್ ಅಲಿ ಕಂಡರು. ಈ ಸ್ಥಳವನ್ನು ಕಾಪಾಡಬೇಕೆಂದು ಮೈಸೂರಿನ ಒಡೆಯರಲ್ಲಿ ಕೇಳಿಕೊಂಡರು. ಅದರಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ಇಂದಿನ ರಂಗನತಿಟ್ಟು.

ಈ ಸಂಚಾರಗಳಲ್ಲಿ ಸಲೀಮ್ ಅಲಿ ಅವರ ಬಳಿ ಬಂದೂಕೂ ಇತ್ತು. ಹಕ್ಕಿಗಳ ಬಣ್ಣ, ಗಾತ್ರ, ರೆಕ್ಕೆಗಳನ್ನು ಅಳೆದು ನೋಡಲು ಅವರು ಕೆಲವು ಹಕ್ಕಿಗಳನ್ನು ಹೊಡೆದು ನಮೂನೆಗಾಗಿ ಸಂಗ್ರಹಿಸಿದರು. ಇದನ್ನು ಅವರು ಮುಚ್ಚಿಡಲಿಲ್ಲ. ಗೋಡೆಯ ಅಲಂಕಾರಕ್ಕಾಗಲಿ, ದೊಡ್ಡಸ್ತಿಕೆಗಾಗಲಿ ಅವರು ಹೊಡೆಯಲಿಲ್ಲ. ಮುಂದೆ ಹಕ್ಕಿಯನ್ನು ಕೊಲ್ಲದೆ ಅಭ್ಯಾಸ ಮಾಡುವ ದಾರಿಗಳೂ ಬೆಳೆದವು. ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು, ಕೈಯಲ್ಲಿ ವಹಿ ಹಿಡಿದು ಅವರು ದಿನವಿಡೀ ನಡೆಯುತ್ತಿದ್ದರು. 1959ರಿಂದ ಅವರ ಸಂಸ್ಥೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಅಂಕಿ ಇರುವ ಹಗುರ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಅದೇ ಹಕ್ಕಿ ಇನ್ನೊಂದು ಊರಿನಲ್ಲಿ ಸಿಕ್ಕರೆ, ಅದು ಎಲ್ಲಿಂದ ಎಲ್ಲಿಗೆ ಹಾರಿತೆಂದು ತಿಳಿಯುತ್ತದೆ. ನಮ್ಮ ಕೆರೆಗಳಿಗೆ ಬರುವ ಕೆಲವು ಹಕ್ಕಿಗಳು ಸೈಬೀರಿಯದಷ್ಟು ದೂರದಿಂದ ಬರುತ್ತವೆಂದು ಇದರಿಂದ ಖಚಿತವಾಯಿತು.

ಹಕ್ಕಿಗಳ ಪರವಾಗಿ

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಭರತಪುರದ ಜವುಗು ಪ್ರದೇಶವನ್ನು ಒಣಗಿಸಿ ಹೊಲ ಮಾಡಬೇಕೆಂಬ ಬೇಡಿಕೆ ಬಂದಿತು. ಸಲೀಮ್ ಅಲಿ ಪ್ರಧಾನಮಂತ್ರಿ ಪಂಡಿತ ನೆಹರೂ ಅವರಿಗೆ ಆ ಸ್ಥಳದ ಮಹತ್ವವನ್ನು ತಿಳಿಸಿದರು. ಭರತಪುರ ಉಳಿಯಿತು. ಸಾವಿರಾರು ಹಕ್ಕಿಗಳು ಗುಂಡಿಗೆ ಬಲಿಯಾಗಿದ್ದ ಆ ಸ್ಥಳ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಭಾರತಕ್ಕೆ ರಾಷ್ಟ್ರಪಕ್ಷಿಯನ್ನು ಆರಿಸುವಾಗ ಸಲೀಮ್ ಅಲಿ ಮಾಳಢೋಕ್‌ನ ಹೆಸರನ್ನು ಸೂಚಿಸಿದರು. ಆ ಗೌರವದಿಂದಲಾದರೂ ಜನ ಅದನ್ನು ಉಳಿಸಿಕೊಳ್ಳುವರು ಎಂಬುದು ಅವರ ಆಸೆ. ಆದರೆ 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ಎಲ್ಲರೂ ಬಲ್ಲ ಸುಂದರ ಹಕ್ಕಿ ನವಿಲು. ಮಾಳಢೋಕ್ ಮಾತ್ರ ಹಿಂದೆ ಉಳಿಯಿತು.

1972ರಲ್ಲಿ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯದೆ ಬಂದಿತು. ಮಾಳಢೋಕ್‌ಗೆ ಅದರಲ್ಲಿ ಅತಿ ಹೆಚ್ಚಿನ ರಕ್ಷಣೆ ದೊರೆಯಿತು. 1979ರಲ್ಲಿ ಸೊಲ್ಲಾಪುರ ಮತ್ತು ಅಹಮದ್‌ನಗರ ಜಿಲ್ಲೆಗಳ ಬಯಲುಗಳನ್ನು ಸೇರಿಸಿ ಮಾಳಢೋಕ್ ಅಭಯಾರಣ್ಯ ಮಾಡಲಾಯಿತು. 1980ರ ದಶಕದಲ್ಲಿ ಸಲೀಮ್ ಅಲಿ ಅವರ ಸಂಸ್ಥೆಯ ಸಂಶೋಧಕರು ನಾನ್ನಜದಲ್ಲಿ ಬಿಡಾರ ಮಾಡಿ ಈ ಹಕ್ಕಿಯ ಅಭ್ಯಾಸ ಮಾಡಿದರು.

ಅಭಯಾರಣ್ಯ ಮೊದಲು ಸುಮಾರು 8,496 ಚದರ ಕಿಲೋಮೀಟರು ಇತ್ತು. ಅದರೊಳಗೆ ರೈತರ ಹೊಲ, ಊರುಗಳೂ ಸೇರಿದ್ದವು. ಇದರಿಂದ ಜನರಿಗೆ ತೊಂದರೆಯಾಯಿತು. ಆದ್ದರಿಂದ ಮುಂದೆ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಹಕ್ಕಿಯೂ ಉಳಿಯಬೇಕು, ರೈತನೂ ಬದುಕಬೇಕು. ಇದು ಸುಲಭದ ಲೆಕ್ಕವಲ್ಲ.

ದೂರದ ಬಂಧು

ನಮ್ಮ ಮಾಳಢೋಕ್‌ಗೆ ಆಫ್ರಿಕಾ ಖಂಡದಲ್ಲಿ ಒಂದು ಬಂಧು ಇದೆ. ಅದರ ಹೆಸರು ಕೋರಿ. ಅದೂ ಎತ್ತರವಾದ, ಭಾರವಾದ, ನೆಲದ ಮೇಲೆ ನಡೆದಾಡುವ ಹಕ್ಕಿ. ಆಫ್ರಿಕಾದ ದಕ್ಷಿಣದಲ್ಲಿ ಕಲಹಾರಿ ಎಂಬ ಮರುಭೂಮಿ ಇದೆ. ಅಲ್ಲಿನ ಹುಲ್ಲುಗಾವಲುಗಳಲ್ಲಿ ಕೋರಿ ಹಕ್ಕಿ ವಾಸಿಸುತ್ತದೆ. ಅದೇ ಭಾಗದ ನಮೀಬಿಯ ದೇಶದಲ್ಲಿ ಹಣ ಕೊಟ್ಟು, ಮಾರ್ಗದರ್ಶಕನೊಡನೆ ಹೋಗಿ ಜಿಂಕೆಯ ಜಾತಿಯ ಪ್ರಾಣಿಗಳನ್ನು ಬೇಟೆಯಾಡುವ ಪದ್ಧತಿ ಇಂದಿಗೂ ಇದೆ. ಆ ಹಣದಿಂದ ಹಳ್ಳಿಗರಿಗೂ ಕಾಡುಪ್ರಾಣಿಗಳ ರಕ್ಷಣೆಗೂ ಸಹಾಯವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಸಂತೋಷಕ್ಕಾಗಿ ಕೊಲ್ಲುವುದು ಸರಿಯಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ನಮ್ಮ ದೇಶ ಬೇಟೆಯನ್ನು ನಿಷೇಧಿಸುವ ದಾರಿಯನ್ನು ಆರಿಸಿಕೊಂಡಿದೆ.

ಆದರೆ ಬೇಟೆ ನಿಂತರೆ ಮಾತ್ರ ಸಾಲದು. ಹುಲ್ಲಿನ ಬಯಲುಗಳು ಹೊಲಗಳಾದವು, ರಸ್ತೆಗಳಾದವು. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಮಾಳಢೋಕ್‌ಗಳು ಸಾಯುತ್ತವೆ. ಇಂದು ಇಡೀ ಭಾರತದಲ್ಲಿ ಉಳಿದಿರುವ ಮಾಳಢೋಕ್‌ಗಳು ಸುಮಾರು 150 ಮಾತ್ರ. ಅವುಗಳಲ್ಲಿ ಬಹಳಷ್ಟು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿವೆ. ಅಲ್ಲಿ 2019ರಿಂದ ಮೊಟ್ಟೆಗಳನ್ನು ತಂದು, ಕಾವು ಕೊಟ್ಟು ಮರಿಮಾಡಿಸಿ ಸಾಕುತ್ತಿದ್ದಾರೆ. ನಾನ್ನಜದ ಬಯಲಿನಲ್ಲಿ ಈಗ ಮಾಳಢೋಕ್ ಕಾಣುವುದು ಬಹಳ ಅಪರೂಪ.

ಕೊನೆಯವರೆಗೂ ಹಕ್ಕಿಗಳ ಧ್ಯಾನ

ಸಲೀಮ್ ಅಲಿ ಅವರಿಗೆ ಮೋಟಾರ್ ಸೈಕಲ್ ಎಂದರೆ ಪ್ರಾಣ. 1950ರಲ್ಲಿ ಸ್ವೀಡನ್ ದೇಶದಲ್ಲಿ ಪಕ್ಷಿತಜ್ಞರ ಸಮ್ಮೇಳನ ನಡೆಯಿತು. ತಮ್ಮ ಮೋಟಾರ್ ಸೈಕಲ್ಲನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನಲ್ಲಿ ಅದನ್ನು ಓಡಿಸಿಕೊಂಡು ಅವರು ಸಮ್ಮೇಳನಕ್ಕೆ ಹೋದರು! ಭಾರತದ ಹಕ್ಕಿಗಳನ್ನು ಕುರಿತು ಅವರು ಬರೆದ ಪುಸ್ತಕ 1941ರಲ್ಲಿ ಪ್ರಕಟವಾಯಿತು. ಸಾಮಾನ್ಯ ಜನರೂ ಚಿತ್ರ ನೋಡಿ ಹಕ್ಕಿಯನ್ನು ಗುರುತಿಸುವಂತೆ ಅದು ಇದೆ. ಅಮೆರಿಕದ ಡಿಲನ್ ರಿಪ್ಲಿ ಅವರೊಡನೆ ಹತ್ತು ಸಂಪುಟಗಳ ದೊಡ್ಡ ಗ್ರಂಥವನ್ನೂ ಬರೆದರು.

ಭಾರತ ಸರಕಾರ ಅವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ನೀಡಿ ಗೌರವಿಸಿತು. ಅದೇ 1976ರಲ್ಲಿ ವಿದೇಶದ 50,000 ಡಾಲರುಗಳ ದೊಡ್ಡ ಬಹುಮಾನ ಬಂದಿತು. ಅದನ್ನು ಅವರು ನಿಸರ್ಗ ರಕ್ಷಣೆಯ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಯ ಸದಸ್ಯರಾದರು. 1987ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮಕ್ಕಳೇ, ನಮ್ಮ ಮಹಾರಾಷ್ಟ್ರದಲ್ಲಿ ನವೆಂಬರ್ 5ರಿಂದ 12ರವರೆಗೆ ಪಕ್ಷಿ ಸಪ್ತಾಹ ಆಚರಿಸುತ್ತಾರೆ. ನವೆಂಬರ್ 5 ಸೊಲ್ಲಾಪುರದಲ್ಲಿ ಹುಟ್ಟಿದ ಅರಣ್ಯ ಲೇಖಕ ಮಾರುತಿ ಚಿತಂಪಲ್ಲಿ ಅವರ ಜನ್ಮದಿನ. ನವೆಂಬರ್ 12 ಸಲೀಮ್ ಅಲಿ ಅವರ ಜನ್ಮದಿನ. ಆ ವಾರ ನೀವೂ ಬೆಳಿಗ್ಗೆ ಬೇಗ ಎದ್ದು ಹೊಲದ ಬದುವಿಗೆ ಇಲ್ಲವೆ ಕೆರೆಯ ದಂಡೆಗೆ ಹೋಗಿರಿ. ಕೈಯಲ್ಲಿ ಕಲ್ಲು, ಕವಣೆ ಬೇಡ. ಒಂದು ವಹಿ, ಒಂದು ಪೆನ್ಸಿಲ್ ಸಾಕು. ಗದ್ದಲ ಮಾಡದೆ ಕುಳಿತುಕೊಳ್ಳಿರಿ. ಯಾವ ಹಕ್ಕಿ ಬಂದಿತು, ಏನು ಮಾಡಿತು ಎಂದು ಬರೆದಿಡಿರಿ. ಹತ್ತು ವರ್ಷದ ಸಲೀಮ್ ಶುರು ಮಾಡಿದ್ದೂ ಅಷ್ಟರಿಂದಲೇ.

ಶಬ್ದಾರ್ಥ

ಬೀಳುಭೂಮಿ – ಬಿತ್ತದೆ ಬಿಟ್ಟ ನೆಲ
ತಬ್ಬಲಿ – ತಂದೆತಾಯಿ ಇಲ್ಲದ ಮಗು
ವಹಿ – ಬರೆಯುವ ಪುಸ್ತಕ
ಮಂಚಿಕೆ – ಎತ್ತರದಲ್ಲಿ ಕಟ್ಟಿದ ಅಟ್ಟಣಿಗೆ
ಹದ ಮಾಡು – ಕೆಡದಂತೆ ಸಿದ್ಧಪಡಿಸು
ಜವುಗು – ಯಾವಾಗಲೂ ನೀರು ನಿಂತು ಮೆತ್ತಗಿರುವ ನೆಲ
ನಮೂನೆ – ಮಾದರಿ
ಅಭಯಾರಣ್ಯ – ಪ್ರಾಣಿಪಕ್ಷಿಗಳಿಗೆ ಭಯವಿಲ್ಲದಂತೆ ಕಾಪಾಡಿದ ಪ್ರದೇಶ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಸಲೀಮ್ ಅಲಿ ಎಲ್ಲಿ ಜನಿಸಿದರು?
2. ಸಲೀಮ್‌ನನ್ನು ಬೆಳೆಸಿದ ಸೋದರಮಾವನ ಹೆಸರೇನು?
3. ಮಾಳಢೋಕ್ ಹಕ್ಕಿಗೆ ಕನ್ನಡದಲ್ಲಿ ಯಾವ ಹೆಸರುಗಳಿವೆ?
4. ರಂಗನತಿಟ್ಟು ಯಾವ ವರ್ಷ ಪಕ್ಷಿಧಾಮವಾಯಿತು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಹಳದಿ ಕೊರಳಿನ ಗುಬ್ಬಿಯಿಂದ ಸಲೀಮ್‌ನ ಮನಸ್ಸು ಹೇಗೆ ಬದಲಾಯಿತು?
2. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವುದರಿಂದ ಏನು ತಿಳಿಯುತ್ತದೆ?
3. ಮಾಳಢೋಕ್ ಹಕ್ಕಿಗಳು ಕಡಿಮೆಯಾಗಲು ಕಾರಣಗಳೇನು?

ಇ) ವಿಚಾರ ಮಾಡಿ ಹೇಳಿರಿ.
ದೊಡ್ಡಸ್ತಿಕೆಗಾಗಿ ಹಕ್ಕಿಯನ್ನು ಹೊಡೆಯುವುದಕ್ಕೂ ಅಭ್ಯಾಸಕ್ಕಾಗಿ ಹೊಡೆಯುವುದಕ್ಕೂ ವ್ಯತ್ಯಾಸವಿದೆಯೇ? ನಿಮಗೆ ಏನೆನಿಸುತ್ತದೆ?

ಉಪಕ್ರಮ

ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: ಅವರು ಚಿಕ್ಕವರಿದ್ದಾಗ ಹೊಲದಲ್ಲಿ ಯಾವ ಯಾವ ಹಕ್ಕಿಗಳು ಕಾಣುತ್ತಿದ್ದವು? ಅವುಗಳಲ್ಲಿ ಯಾವುವು ಈಗ ಕಾಣುವುದಿಲ್ಲ? ಆ ಹಕ್ಕಿಗಳ ಕನ್ನಡ ಮತ್ತು ಮರಾಠಿ ಹೆಸರುಗಳನ್ನು ಪಟ್ಟಿ ಮಾಡಿ ವರ್ಗದಲ್ಲಿ ಓದಿ ತೋರಿಸಿರಿ.